ಕಡಗೋಲಿನಂತೆ ಆಡುವ ಗರಗಸ: ಆಸ್ಪತ್ರೆಯಿಂದ ಸೋಲದೇವನಹಳ್ಳಿಯ ವಾಸ್ಕಾಲಿನವರೆಗೆ

ಸೋಲದೇವನಹಳ್ಳಿ ಎಂದರೆ ಇವತ್ತಿನವರಿಗೆ ನೆನಪಾಗುವುದು ಆಚಾರ್ಯ ಕಾಲೇಜು, ತುಮಕೂರು ಕಡೆಯ ರೈಲು, ಬಾಡಿಗೆ ರೂಮುಗಳು. ಆದರೆ ಯಂತ್ರಗಳ ಇತಿಹಾಸದಲ್ಲಿ ಈ ಊರಿಗೆ 130 ವರ್ಷದ ಹಳೆಯ ಜಾಗವಿದೆ. ಆ ಕಥೆ ದೊಡ್ಡ ಉಗಿ ಯಂತ್ರದಿಂದ ಶುರುವಾಗಿ, ಈಗ ಬಡಗಿಯ ಚೀಲದಲ್ಲಿ ಕೂತಿರುವ ಅಂಗೈಯಗಲದ ಮಷೀನಿನವರೆಗೆ ಬರುತ್ತದೆ. ಆ ಮಷೀನಿಗೆ ಅಂಗಡಿಯವರು ಮಲ್ಟಿ ಟೂಲ್ ಅಂತಾರೆ, ಕೆಲವರು ಮಲ್ಟಿ ಕಟರ್ ಅಂತಾರೆ. ಅದರ ಅಲಗು ಸುತ್ತುವುದಿಲ್ಲ, ನಡುಗುತ್ತದೆ. ಯಾಕೆ ನಡುಗುತ್ತದೆ ಎನ್ನುವುದರಲ್ಲೇ ಅದರ ಚರಿತ್ರೆ ಇದೆ.

ಉಗಿಯಂತ್ರದ ಊರು

1870ರ ದಶಕದ ಭೀಕರ ಬರದಲ್ಲಿ ಬೆಂಗಳೂರಿನ ಕೆರೆ, ಬಾವಿಗಳು ಸಾಲದೆ ಹೋದವು. ಮುಂದೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿ ಹೊಳೆಯ ಹೆಸರಘಟ್ಟ ಕೆರೆಯಿಂದ ನಗರಕ್ಕೆ ನೀರು ತರುವ ಯೋಜನೆ ಆಯಿತು. ಅದೇ ಚಾಮರಾಜೇಂದ್ರ ವಾಟರ್ ವರ್ಕ್ಸ್. 1890ರ ದಶಕದ ನಡುವಿನಲ್ಲಿ ನೀರು ಹರಿಯಿತು. ಹೆಸರಘಟ್ಟದಿಂದ ಇಟ್ಟಿಗೆಯ ಕಾಲುವೆಯಲ್ಲಿ ಇಳಿಜಾರು ಹಿಡಿದು ಬಂದ ನೀರನ್ನು ಎತ್ತಿ ಬೆಂಗಳೂರಿನ ಕಡೆ ತಳ್ಳುವ ಪಂಪ್‌ಹೌಸು ಇದ್ದದ್ದು ಸೋಲದೇವನಹಳ್ಳಿಯಲ್ಲಿ. ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ. ಹಾಗಾಗಿ ಮೊದಲು ಆ ಪಂಪುಗಳನ್ನು ಓಡಿಸಿದ್ದು ಉಗಿ.

ಆ ಕಾಲದಲ್ಲಿ ಯಂತ್ರಶಕ್ತಿ ಎಂದರೆ ಹೀಗೇ. ಒಂದು ಊರಿಗೆ ಒಂದು ಎಂಜಿನ್ನು, ಅದಕ್ಕೊಂದು ಕಟ್ಟಡ, ಒಂದು ಚಿಮಣಿ. ಕಾರ್ಖಾನೆಗಳಲ್ಲೂ ಅಷ್ಟೇ: ಒಂದೇ ದೊಡ್ಡ ಎಂಜಿನ್ನು ತಿರುಗುತ್ತದೆ, ಅದರಿಂದ ಉದ್ದನೆಯ ದಂಡ, ದಂಡದಿಂದ ಬೆಲ್ಟು, ಬೆಲ್ಟಿನಿಂದ ಒಂದೊಂದು ಯಂತ್ರ. ನಮ್ಮ ಹಳೆಯ ಹಿಟ್ಟಿನ ಗಿರಣಿಯಲ್ಲಿ ಬೆಲ್ಟು ಪಟಪಟ ಹೊಡೆಯುವುದನ್ನು ನೋಡಿದವರಿಗೆ ಇದು ಗೊತ್ತಾಗುತ್ತದೆ. ಯಂತ್ರ ಇದ್ದ ಜಾಗಕ್ಕೆ ಕೆಲಸವೇ ಹೋಗಬೇಕಿತ್ತು. ಕೆಲಸ ಇದ್ದ ಜಾಗಕ್ಕೆ ಯಂತ್ರ ಬರುತ್ತಿರಲಿಲ್ಲ.

ಹೀಗಾಗಿ ಪಂಪ್‌ಹೌಸಿನ ಪಕ್ಕದ ಮನೆಗಳಲ್ಲೂ ಮರದ ಕೆಲಸ ನಡೆಯುತ್ತಿದ್ದದ್ದು ಕೈಬಲದಲ್ಲೇ.

ಬೈರಿಗೆಯೂ ಹಿಂದೆ ಮುಂದೆ ಆಡುತ್ತಿತ್ತು

ನಮ್ಮ ಆಚಾರಿಗಳ ಹತ್ತಿರ ಉಳಿ, ಬಾಚಿ, ಕೊಡತಿ, ಗರಗಸ, ಕೀಸುಳಿ ಇರುತ್ತಿದ್ದವು. ಜೊತೆಗೆ ತೂತು ಕೊರೆಯಲು ಬೈರಿಗೆ. ಒಂದು ಕಡ್ಡಿಗೆ ದಾರ ಸುತ್ತಿ, ಆ ದಾರವನ್ನು ಬಿಲ್ಲಿನಂತೆ ಹಿಂದೆ ಮುಂದೆ ಎಳೆದರೆ ಬೈರಿಗೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಮನೆಯಲ್ಲಿ ಮಜ್ಜಿಗೆ ಕಡೆಯುವ ಕಡಗೋಲೂ ಇದೇ ತರಹ: ಹಗ್ಗ ಈ ಕಡೆ ಎಳೆದರೆ ಇತ್ತ, ಆ ಕಡೆ ಎಳೆದರೆ ಅತ್ತ. ಚನ್ನಪಟ್ಟಣದ ಬೊಂಬೆ ಮಾಡುವವರ ಹಳೆಯ ಕೈ ಚರಕಿಯೂ ಬಿಲ್ಲು ಎಳೆದಂತೆ ಹಿಂದೆ ಮುಂದೆ ತಿರುಗುತ್ತಿತ್ತು.

ಇವೆಲ್ಲ ಒಂದೇ ದಿಕ್ಕಿಗೆ ಸುತ್ತುವ ಸಾಧನಗಳಲ್ಲ. ಆಡುವ ಸಾಧನಗಳು. ಕೈ ನಿಂತರೆ ಅವೂ ನಿಲ್ಲುತ್ತವೆ. ಮೋಟಾರು ಬಂದ ಮೇಲೆ ಬಹಳಷ್ಟು ಕೈಯಂತ್ರಗಳು ಒಂದೇ ದಿಕ್ಕಿಗೆ ಸುತ್ತತೊಡಗಿದವು. ವೇಗ ಬಂತು, ಜೊತೆಗೆ ಅಪಾಯವೂ ಬಂತು. ಆ ಮೇಲೆ ಐವತ್ತು ವರ್ಷ ಬಿಟ್ಟು ಒಬ್ಬ ವೈದ್ಯ ಮತ್ತೆ ಹಿಂದೆ ಮುಂದೆ ಆಡುವ ಚಲನೆಗೆ ಬಂದ. ಅಲ್ಲಿಗೆ ಹೋಗುವ ಮೊದಲು ಮೋಟಾರು ಕೈಗೆ ಹೇಗೆ ಬಂತು ನೋಡೋಣ.

ಮೋಟಾರು ಕೈಗೆ ಬಂದದ್ದು

ಸೋಲದೇವನಹಳ್ಳಿಯ ಉಗಿ ಪಂಪು ಹೊಸದಾಗಿದ್ದ ಅದೇ ಹೊತ್ತಿಗೆ, 1895ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಫೈನ್ ಎಂಬ ಕಂಪನಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ಮಾಡಿತು. ಭಾರವಾದ ಸಾಮಾನು, ಎರಡು ಕೈಯಲ್ಲಿ ಹಿಡಿದು, ಎದೆಗೆ ಒತ್ತಿಕೊಂಡು ಕೊರೆಯಬೇಕಿತ್ತು. ಆದರೂ ದೊಡ್ಡ ಬದಲಾವಣೆ ಆಗಿಹೋಗಿತ್ತು. ಯಂತ್ರ ಮೊದಲ ಸಲ ಕೆಲಸದ ಹತ್ತಿರ ನಡೆದು ಬಂದಿತ್ತು.

ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಪಿಸ್ತೂಲಿನಂತೆ ಹಿಡಿ, ಬೆರಳಿಗೆ ಗುಂಡಿ ಇರುವ ಡ್ರಿಲ್‌ಗೆ 1917ರಲ್ಲಿ ಪೇಟೆಂಟ್ ಪಡೆಯಿತು. ಇವತ್ತಿನ ಎಲ್ಲ ಡ್ರಿಲ್‌ಗಳ ಆಕಾರ ಅಲ್ಲಿಂದ ಬಂದದ್ದು. ಸ್ಟುಟ್‌ಗಾರ್ಟ್‌ನ ಇನ್ನೊಂದು ಕಂಪನಿ ಬಾಷ್ 1928ರಲ್ಲಿ ಹಿಡಿಯೊಳಗೇ ಮೋಟಾರು ಇರುವ ಕೂದಲು ಕತ್ತರಿಸುವ ಮಷೀನು ತಂದಿತು. 1961ರಲ್ಲಿ ಬ್ಯಾಟರಿ ಡ್ರಿಲ್ ಬಂತು.

ಇದು ದೂರದ ಕಥೆಯಲ್ಲ. ಅದೇ ಬಾಷ್ 1951ರಲ್ಲಿ ಬೆಂಗಳೂರಿಗೆ ಬಂದು ನಮಗೆಲ್ಲ ಗೊತ್ತಿರುವ ಮೈಕೋ ಆಯಿತು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ. ಸೋಲದೇವನಹಳ್ಳಿ, ಚಿಕ್ಕಬಾಣಾವರದಂತಹ ಊರುಗಳಿಗೆ ಜಾಲಹಳ್ಳಿ, ಪೀಣ್ಯ ಎರಡೂ ಹತ್ತಿರ. ಬೆಂಗಳೂರಿನ ಉತ್ತರದ ಹಳ್ಳಿಗಳಲ್ಲಿ ಲೇತು, ಡ್ರಿಲ್ಲು, ಗ್ರೈಂಡರು ಎಂಬ ಪದಗಳು ಮನೆಮಾತಾದದ್ದು ಈ ಕಾರ್ಖಾನೆಗಳಿಂದ. ಹೊಲದ ಮನೆಯ ಹುಡುಗ ಐಟಿಐ ಓದಿ ಪೀಣ್ಯಕ್ಕೆ ಹೋದರೆ, ಸಂಜೆ ಮನೆಗೆ ಬರುವಾಗ ಯಂತ್ರದ ತಿಳಿವಳಿಕೆಯೂ ಅವನ ಜೊತೆ ಬರುತ್ತಿತ್ತು.

ಸುತ್ತುವ ಅಲಗಿಗೆ ಕಣ್ಣಿಲ್ಲ

ಮನೆ ಕೆಲಸದಲ್ಲಿ ಗೆದ್ದದ್ದು ನಾವು ಕಟಿಂಗ್ ಮಷೀನು ಎನ್ನುವ ನಾಲ್ಕಿಂಚಿನ ಗ್ರೈಂಡರು. ಕಬ್ಬಿಣಕ್ಕೂ ಅದೇ, ಟೈಲ್ಸಿಗೂ ಅದೇ, ಅಲಗು ಬದಲಿಸಿ ಮರಕ್ಕೂ ಅದೇ.

ಸ್ವಲ್ಪ ಲೆಕ್ಕ ಹಾಕಿ. ಇಂಥ ಮಷೀನಿನ ಚಕ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ನಾಲ್ಕಿಂಚಿನ ಚಕ್ರದ ಅಂಚು ಅಷ್ಟು ಸುತ್ತಿದರೆ ಅದರ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಅಲಗು ಎಲ್ಲಾದರೂ ಸಿಕ್ಕಿಕೊಂಡರೆ ಆ ಶಕ್ತಿಯೆಲ್ಲ ಹಿಂದಕ್ಕೆ, ಹಿಡಿದವನ ಕಡೆಗೆ ಒದೆಯುತ್ತದೆ. ರಕ್ಷಣೆಯ ಗಾರ್ಡು ಬಿಚ್ಚಿಟ್ಟು, ಕಲ್ಲು ಕತ್ತರಿಸುವ ಚಕ್ರದ ಜಾಗಕ್ಕೆ ಮರದ ಹಲ್ಲಿನ ಅಲಗು ಹಾಕಿ, ಲುಂಗಿ ಕಟ್ಟಿಕೊಂಡು ಕೆಲಸ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಬೆರಳು ಕಳೆದುಕೊಂಡ ಕೆಲಸಗಾರರು ನಮ್ಮ ಊರುಗಳಲ್ಲಿ ಅಪರೂಪವಲ್ಲ.

ಸುತ್ತುವ ಅಲಗಿಗೆ ಮರ ಯಾವುದು, ಮಾಂಸ ಯಾವುದು ಗೊತ್ತಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾದ ಜಾಗ ಆಸ್ಪತ್ರೆ.

ಪ್ಲಾಸ್ಟರ್ ಬಿಚ್ಚುವ ವೈದ್ಯ

ಮೂಳೆ ಮುರಿದರೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಕಟ್ಟು ಹಾಕುವ ಪದ್ಧತಿಯನ್ನು 1850ರ ದಶಕದಲ್ಲಿ ಹಬ್ಬಿಸಿದ್ದು ಮಥೈಸನ್ ಎಂಬ ಡಚ್ ಸೇನಾ ವೈದ್ಯ. ಕಟ್ಟು ಹಾಕುವುದು ಸುಲಭ, ಬಿಚ್ಚುವುದು ಕಷ್ಟ. ಕಲ್ಲಿನಂತೆ ಗಟ್ಟಿಯಾದ ಪ್ಲಾಸ್ಟರಿನ ಅಡಿಯಲ್ಲೇ ಚರ್ಮ. ಕತ್ತರಿ, ಚಾಕು, ಕೈಗರಗಸದಲ್ಲಿ ಹೆಣಗಾಡಬೇಕಿತ್ತು.

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ಹೋಮರ್ ಸ್ಟ್ರೈಕರ್ ಎಂಬ ಮೂಳೆ ವೈದ್ಯರಿದ್ದರು. ರೋಗಿಗೆ ಬೇಕಾದ ಸಾಧನಗಳನ್ನು ತಾವೇ ಮಾಡುವ ಹುಚ್ಚು ಅವರಿಗೆ. 1940ರ ದಶಕದಲ್ಲಿ ಅವರು ಹೊಸ ಗರಗಸ ಮಾಡಿದರು. ಅದರ ದುಂಡು ಅಲಗು ಸುತ್ತುವುದಿಲ್ಲ. ಇದ್ದಲ್ಲೇ ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ, ಬಹಳ ವೇಗವಾಗಿ ಆಡುತ್ತದೆ. 1947ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ಇದು ಹೇಗೆ ಕೆಲಸ ಮಾಡುತ್ತದೆ? ಪ್ಲಾಸ್ಟರು ಬಿರುಸು. ಅಲಗು ಆಡಿದಾಗ ಅದು ಜರುಗದೆ ನಿಲ್ಲುತ್ತದೆ, ಹಾಗಾಗಿ ಹಲ್ಲು ಅದನ್ನು ಕೊರೆಯುತ್ತದೆ. ಚರ್ಮ ಮೆತ್ತಗೆ. ಅಲಗು ಎತ್ತ ಹೋದರೆ ಅತ್ತ ತಾನೂ ಸ್ವಲ್ಪ ಜರುಗಿ ಬರುತ್ತದೆ, ಹಾಗಾಗಿ ಕತ್ತರಿಸಿಕೊಳ್ಳುವುದಿಲ್ಲ. ಕೈಗೆ ಕಟ್ಟು ಹಾಕಿಸಿಕೊಂಡು ಬಿಚ್ಚಿಸಿಕೊಂಡವರಿಗೆ ಆ ಗುಂಯ್ ಶಬ್ದ, ಆ ಕಚಗುಳಿ ನೆನಪಿರುತ್ತದೆ. ಹೆಚ್ಚು ಹೊತ್ತು ಒಂದೇ ಕಡೆ ಹಿಡಿದರೆ ಅಲಗು ಕಾದು ಚರ್ಮ ಸುಡಬಹುದು, ಅದಕ್ಕೇ ಅವರು ಎತ್ತಿ ಎತ್ತಿ ಇಡುತ್ತಾರೆ.

ಯಂತ್ರದ ಚರಿತ್ರೆಯಲ್ಲಿ ಇದು ಅಪರೂಪದ ಘಟನೆ. ಉಳಿದವರು ವೇಗ, ಬಲ ಹೆಚ್ಚಿಸುವುದನ್ನೇ ನೋಡುತ್ತಿದ್ದರೆ ಸ್ಟ್ರೈಕರ್ ಅಲಗು ಎಷ್ಟು ದೂರ ಹೋಗಬಾರದು ಎಂದು ಯೋಚಿಸಿದರು. ಬೇಕೆಂತಲೇ ಚಲನೆಯನ್ನು ಚಿಕ್ಕದು ಮಾಡಿದರು.

ಆಸ್ಪತ್ರೆಯಿಂದ ಕಾರಿಗೆ, ಕಾರಿನಿಂದ ಮನೆಗೆ

ಮೊದಲ ಡ್ರಿಲ್ ಮಾಡಿದ್ದ ಫೈನ್ ಕಂಪನಿ 1967ರಲ್ಲಿ ತಾನೂ ಒಂದು ಪ್ಲಾಸ್ಟರ್ ಗರಗಸ ತಂದಿತು. ಆಮೇಲೆ ಅದರ ಎಂಜಿನಿಯರುಗಳು ಇದೇ ಚಲನೆಯನ್ನು ಬೇರೆ ಕಡೆ ಹಚ್ಚಿದರು. ಕಾರಿನ ಮುಂದಿನ ಗಾಜನ್ನು ಗೋಂದಿನಿಂದ ಅಂಟಿಸುವ ಕಾಲ ಅದು. ಒಡೆದ ಗಾಜು ತೆಗೆಯಲು ಆ ಗೋಂದನ್ನು ಕೊಯ್ಯಬೇಕು, ಕಾರಿನ ಬಣ್ಣಕ್ಕೆ ಪೆಟ್ಟಾಗಬಾರದು. ಆಡುವ ಅಲಗು ಅಲ್ಲಿ ಸರಿಯಾಗಿ ಕೂತಿತು. 1980ರ ದಶಕದಲ್ಲಿ ಅದೇ ಮಷೀನಿಗೆ ಮೂರು ಮೂಲೆಯ ಪಟ್ಟಿ ಹಾಕಿ, ಅದಕ್ಕೆ ಮರಳು ಕಾಗದ ಅಂಟಿಸಿ, ಕಿಟಕಿಯ ಮೂಲೆಗಳನ್ನು ಉಜ್ಜುವ ಸಾಧನ ಮಾಡಿದರು. ಸುತ್ತುವ ಮಷೀನು ಮೂಲೆಯೊಳಗೆ ಹೋಗುವುದಿಲ್ಲ, ಇದು ಹೋಗುತ್ತದೆ. ಮುಂದೆ ಗರಗಸ, ಕೆರೆಯುವ ಪಟ್ಟಿ, ಗ್ರೌಟ್ ತೆಗೆಯುವ ಅಲಗು ಒಂದೊಂದಾಗಿ ಸೇರಿ ಮಲ್ಟಿ ಟೂಲ್ ಆಯಿತು.

ಬಹಳ ವರ್ಷ ಇದು ದುಬಾರಿ ಸಾಮಾನಾಗಿಯೇ ಉಳಿಯಿತು, ಯಾಕೆಂದರೆ ಪೇಟೆಂಟ್ ಒಂದೇ ಕಂಪನಿಯ ಕೈಯಲ್ಲಿತ್ತು. 2008ರ ಸುಮಾರಿಗೆ ಆ ಪೇಟೆಂಟ್ ಮುಗಿಯಿತು. ಒಂದೆರಡು ವರ್ಷದಲ್ಲಿ ಬಾಷ್, ಡ್ರೆಮೆಲ್ ಮೊದಲಾಗಿ ಎಲ್ಲರೂ ತಮ್ಮದೇ ಮಾಡಿದರು. ಬೆಲೆ ಇಳಿಯಿತು. ಇವತ್ತು ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ.

ಒಳಗಿನ ರಚನೆ ಸರಳ. ಮೋಟಾರು ಮಾಮೂಲಿಯಂತೆ ಸುತ್ತುತ್ತದೆ. ಅದರ ದಂಡದ ತುದಿ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿದಿದೆ. ಆ ತುದಿ ಒಂದು ಕವಲನ್ನು ಅತ್ತ ಇತ್ತ ತಳ್ಳುತ್ತದೆ. ಅಲಗು ಸುಮಾರು 3 ಡಿಗ್ರಿಯಷ್ಟು ಮಾತ್ರ ಆಡುತ್ತದೆ, ಅಂದರೆ ತುದಿಯಲ್ಲಿ ಹೆಚ್ಚು ಕಡಿಮೆ 4 ಮಿಲಿಮೀಟರ್. ಆದರೆ ನಿಮಿಷಕ್ಕೆ 10,000ದಿಂದ 20,000 ಸಲ. ಲೆಕ್ಕ ಹಾಕಿದರೆ ಹಲ್ಲಿನ ಸರಾಸರಿ ವೇಗ ಹೆಚ್ಚೆಂದರೆ ಗಂಟೆಗೆ 10 ಕಿಲೋಮೀಟರ್ ಆಸುಪಾಸು, ನಿಧಾನದ ಸೈಕಲ್ಲಿನಷ್ಟು. ಅತ್ತ ಗ್ರೈಂಡರಿನದು 200. ಎರಡು ಮಷೀನಿನ ಸ್ವಭಾವದ ವ್ಯತ್ಯಾಸ ಈ ಎರಡು ಅಂಕಿಯಲ್ಲಿದೆ.

ಮನೆ ಗಟ್ಟಿಯಾಯಿತು, ರಿಪೇರಿ ಕಷ್ಟವಾಯಿತು

ಇಂಥ ಮಷೀನು ನಮ್ಮ ಹಳ್ಳಿಗೆ ಯಾಕೆ ಬೇಕಾಯಿತು? ಮನೆಗಳು ಬದಲಾದದ್ದರಿಂದ.

ಬೆಂಗಳೂರು ಸುತ್ತಿನ ಹಳೆಯ ಮನೆ ಎಂದರೆ ಮಣ್ಣಿನ ಗೋಡೆ, ಕಲ್ಲು ಚಪ್ಪಡಿ ಅಥವಾ ಹಂಚು, ಮರದ ಕಂಬ. ಗೋಡೆಯಲ್ಲಿ ಗೂಡು ಬೇಕಾದರೆ ಹಾರೆಯಲ್ಲಿ ಕೆತ್ತಿ ಮಣ್ಣು ಮೆತ್ತಿದರೆ ಮುಗಿಯಿತು. ಕರೆಂಟು ಬಂದಾಗ ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು ವೈರು ಎಳೆದರು, ಗೋಡೆ ಒಡೆಯಲಿಲ್ಲ. ಆ ಮನೆ ಬದಲಾವಣೆಗೆ ಒಗ್ಗುತ್ತಿತ್ತು.

ಈಗಿನ ಮನೆ ಆರ್‌ಸಿಸಿ, ಸಿಮೆಂಟು, ಟೈಲ್ಸು. ವೈರು, ಪೈಪು ಎಲ್ಲ ಗೋಡೆಯ ಒಳಗೆ. ಗಟ್ಟಿ ಹೌದು, ಆದರೆ ಒಂದು ಕಡೆ ಮುಟ್ಟಿದರೆ ನಾಲ್ಕು ಕಡೆ ಒಡೆಯಬೇಕು. ಸೋಲದೇವನಹಳ್ಳಿಯಂಥ ಊರಿನಲ್ಲಿ ಇದು ಇನ್ನೂ ಹೆಚ್ಚು. ಕಾಲೇಜಿನ ಮಕ್ಕಳಿಗೆ ರೂಮು ಬೇಕು. ಇದ್ದ ಮನೆಯನ್ನೇ ಪ್ಲೈವುಡ್ ಅಡ್ಡಗೋಡೆ ಹಾಕಿ ವಿಂಗಡಿಸುತ್ತಾರೆ, ಹಳೆ ನೆಲದ ಮೇಲೆ ಹೊಸ ಟೈಲ್ಸ್ ಹಾಕುತ್ತಾರೆ, ಮೂಲೆಯಲ್ಲಿ ಬಾತ್‌ರೂಮು ಸೇರಿಸುತ್ತಾರೆ. ಮನೆಯೊಳಗೆ ಜನ ಇರುವಾಗಲೇ ನಡೆಯುವ ಸಣ್ಣ ಸಣ್ಣ ಕೆಲಸ. ಮಲ್ಟಿ ಟೂಲ್ ಹುಟ್ಟಿದ್ದೇ ಇಂಥದಕ್ಕೆ: ಪಕ್ಕದ್ದನ್ನು ಕೆಡಿಸದೆ ಒಂದನ್ನು ಕತ್ತರಿಸಲು.

ಯಾವುದಕ್ಕೆ ಒಳ್ಳೆಯದು

ವಾಸ್ಕಾಲು: ಹಳೆ ನೆಲದ ಮೇಲೆ ಟೈಲ್ಸ್ ಹಾಕುವಾಗ ಬಾಗಿಲ ಚೌಕಟ್ಟಿನ ಸುತ್ತ ಟೈಲ್ಸನ್ನು ಕೊಚ್ಚಿ ಕೂಡಿಸಿದರೆ ಅಸಹ್ಯ. ಅದರ ಬದಲು ಒಂದು ತುಂಡು ಟೈಲ್ಸನ್ನು ನೆಲದ ಮೇಲಿಟ್ಟು, ಕೆಳಗೆ ಹಾಕುವ ಗಾರೆ ಅಥವಾ ಗೋಂದಿನ ದಪ್ಪಕ್ಕೆ ರಟ್ಟು ಸೇರಿಸಿ, ಅದರ ಮೇಲೆ ಅಲಗನ್ನು ಚಪ್ಪಟೆಯಾಗಿ ಮಲಗಿಸಿ ಮರವನ್ನು ಕೊಯ್ಯಿರಿ. ಟೈಲ್ಸು ಸೀದಾ ಅಡಿಗೆ ಜಾರುತ್ತದೆ. ಮನೆಗೆಲಸದಲ್ಲಿ ಈ ಮಷೀನಿಗೆ ಸಾಟಿ ಇಲ್ಲದ ಕೆಲಸ ಇದು.

ಸ್ವಿಚ್ ಬಾಕ್ಸು: ಪ್ಲೈವುಡ್ ಅಥವಾ ಜಿಪ್ಸಂ ಹಲಗೆಯಲ್ಲಿ ನಾಲ್ಕು ಗೆರೆ ಎಳೆದು, ಅಲಗನ್ನು ನೇರವಾಗಿ ಒಳಗೆ ಇಳಿಸಬಹುದು. ಮೊದಲು ಮೇನ್ ಆಫ್ ಮಾಡಿ. ಹಿಂದೆ ವೈರು ಇದೆಯೋ ಗೊತ್ತಿಲ್ಲ.

ತುಕ್ಕು ಮೊಳೆ, ಗೋಡೆಗೆ ಅಂಟಿದ ಪಿವಿಸಿ ಪೈಪು: ಕೈಗರಗಸ ಆಡಿಸಲು ಜಾಗ ಇಲ್ಲದ ಕಡೆ ಇದು ನುಗ್ಗುತ್ತದೆ. ಮೊಳೆಗೆ ಲೋಹ ಕತ್ತರಿಸುವ ಅಲಗೇ ಬೇಕು, ವೇಗ ಕಡಿಮೆ ಇರಲಿ.

ಟೈಲ್ಸ್ ಸಂದಿನ ಹಳೆ ಗ್ರೌಟು: ಬೇರೆ ಟೈಲ್ಸಿಗೆ ಗೀರು ಬೀಳದಂತೆ ತೆಗೆಯಲು ವಜ್ರದ ಪುಡಿ ಅಥವಾ ಕಾರ್ಬೈಡ್ ಅಂಟಿಸಿದ ಅಲಗು ಸಿಗುತ್ತದೆ.

ಹಿಡಿಯುವ ಪದ್ಧತಿ ಇಷ್ಟೇ. ಮಷೀನು ವೇಗ ಹಿಡಿದ ಮೇಲೆ ಅಲಗು ತಾಗಿಸಿ. ಒತ್ತಬೇಡಿ, ಒತ್ತಿದರೆ ಆಡುವ ಜಾಗ ಇಲ್ಲದೆ ಅಲಗು ಕಾಯುತ್ತದೆ, ಹಲ್ಲು ಮೊಂಡಾಗುತ್ತದೆ. ನಿಧಾನವಾಗಿ ಅತ್ತಿತ್ತ ಸರಿಸುತ್ತಾ ಹೊಟ್ಟು ಹೊರಬರಲು ಬಿಡಿ.

ಉದ್ದನೆಯ ನೇರ ಗೆರೆಗೆ, ಬಾಗಿಲಿನ ಇಡೀ ಅಡಿಯನ್ನು ಸವರಲು, ದಪ್ಪ ತೊಲೆಗೆ ಇದು ಆಗದು. ಅಲ್ಲಿ ಕೀಸುಳಿ, ಗರಗಸವೇ ವಾಸಿ. ಅಲಗಿನ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಅವು ಬೇಗ ಸವೆಯುತ್ತವೆ.

ಇನ್ನೊಂದು ಮಾತು ಮುಖ್ಯ. ಆಸ್ಪತ್ರೆಯ ಗರಗಸ ಚರ್ಮ ಕೊಯ್ಯುವುದಿಲ್ಲ ಎಂದು ಈ ಮಷೀನಿನ ಮುಂದೆ ಬೆರಳು ಇಡಬೇಡಿ. ಇದರ ಅಲಗಿಗೆ ಮರ ಕಡಿಯುವ ಚೂಪು ಹಲ್ಲುಗಳಿವೆ, ಇದು ಕೊಯ್ಯುತ್ತದೆ. ಗ್ರೈಂಡರಿನಂತೆ ಹಾರಿ ಬಂದು ಹೊಡೆಯುವುದಿಲ್ಲ ಅಷ್ಟೇ.

ಕೈ ಉಳಿಯಿತು, ಉಸಿರು?

ಅಲಗಿನ ಅಪಾಯ ಕಣ್ಣಿಗೆ ಕಾಣುತ್ತದೆ. ದೂಳಿನದು ಕಾಣುವುದಿಲ್ಲ. ನಡುಗುವ ಮಷೀನು ಮಾಡುವ ದೂಳು ಬಹಳ ನಯ. ಸಿಮೆಂಟು, ಟೈಲ್ಸು, ಗ್ರಾನೈಟಿನ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಸಿಲಿಕೋಸಿಸ್ ಬರಬಹುದು, ಅದಕ್ಕೆ ಗುಣಪಡಿಸುವ ಔಷಧ ಇಲ್ಲ.

ನಮ್ಮ ಊರುಗಳಲ್ಲಿ ಇನ್ನೊಂದು ಇದೆ: ಸಿಮೆಂಟ್ ಶೀಟು. ದನದ ಕೊಟ್ಟಿಗೆ, ಬಚ್ಚಲು, ಬಾಡಿಗೆ ಶೆಡ್ಡು ಎಲ್ಲದರ ಮೇಲೂ ಅದೇ. ಇವುಗಳಲ್ಲಿ ಬಹಳಷ್ಟು ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಶೀಟುಗಳು. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 50ಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಕಲ್ನಾರು ಕಾರ್ಖಾನೆಗಳಿಗೆ ಪ್ರತಿ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಹೇಳಿತು. ಅಷ್ಟು ವರ್ಷ ಯಾಕೆ? ರೋಗ ಅಷ್ಟು ತಡವಾಗಿ ತಲೆ ಎತ್ತುತ್ತದೆ. ಹಾಗಾಗಿ ಹಳೆ ಶೀಟನ್ನು ಮಲ್ಟಿ ಟೂಲಿನಲ್ಲಾಗಲಿ ಗ್ರೈಂಡರಿನಲ್ಲಾಗಲಿ ಕೊಯ್ಯಬೇಡಿ, ಉಜ್ಜಬೇಡಿ.

ಹಳೆ ಬಣ್ಣವೂ ಹಾಗೇ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಕಿಟಕಿ, ಬಾಗಿಲಿನ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ವರ್ಷಗಟ್ಟಲೆ ಎಚ್ಚರಿಸಿದವರು. ಮಕ್ಕಳ ಮೆದುಳಿಗೆ ಅದು ನೇರ ಪೆಟ್ಟು. ಮೂರು ಮೂಲೆಯ ಪಟ್ಟಿಯಲ್ಲಿ ಅಂಥ ಬಣ್ಣವನ್ನು ಒಣಗಿದ್ದಾಗ ಉಜ್ಜಿದರೆ ಸೀಸ ದೂಳಾಗಿ ಇಡೀ ಮನೆಗೆ ಹರಡುತ್ತದೆ. ನೀರು ಹಾಕಿ ಕೈಯಲ್ಲಿ ಉಜ್ಜುವುದು ಉತ್ತಮ, ಮಕ್ಕಳು ಹತ್ತಿರ ಇರಬಾರದು.

ಎನ್95 ಮಾಸ್ಕು, ಕನ್ನಡಕ, ತೆರೆದ ಕಿಟಕಿ. ಮಷೀನಿಗೆ ಸಾವಿರಗಟ್ಟಲೆ ಕೊಟ್ಟವರು ಇದಕ್ಕೆ ಇನ್ನೂರು ಮುನ್ನೂರು ಕೊಡದೆ ಇರಬಾರದು. ಕೂಲಿಯವರಿಂದ ಮಾಡಿಸುವವರಾದರೆ ಅದನ್ನು ಕೊಡಿಸುವ ಹೊಣೆ ಮನೆಯವರದೂ ಹೌದು. ಬಡಗಿ, ಎಲೆಕ್ಟ್ರಿಷಿಯನ್, ಪ್ಲಂಬರ್, ಪೇಂಟರ್ ಎಲ್ಲರೂ ಕಟ್ಟಡ ಕಾರ್ಮಿಕರೇ. 18ರಿಂದ 60 ವರ್ಷದೊಳಗಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಅಪಘಾತವಾದಾಗ ಆ ಕಾರ್ಡು ನೆರವಿಗೆ ಬರುತ್ತದೆ.

ಚಿಕ್ಕದಾಗುತ್ತಾ ಬಂದ ಶಕ್ತಿ

ಇಡೀ ಕಥೆಯನ್ನು ಹಿಂದಿರುಗಿ ನೋಡಿದರೆ ಯಂತ್ರಶಕ್ತಿ ಪ್ರತಿ ಹೆಜ್ಜೆಯಲ್ಲೂ ಚಿಕ್ಕದಾಗಿ, ಮನುಷ್ಯನಿಗೆ ಹತ್ತಿರವಾಗಿದೆ. ಸೋಲದೇವನಹಳ್ಳಿಯ ಉಗಿ ಯಂತ್ರದ ಹತ್ತಿರ ಹೋಗಲು ಸರ್ಕಾರಿ ನೌಕರಿ ಬೇಕಿತ್ತು. ಎಚ್‌ಎಂಟಿಯ ಯಂತ್ರ ಮುಟ್ಟಲು ತರಬೇತಿ ಬೇಕಿತ್ತು, ಮೇಲ್ವಿಚಾರಕ ಇರುತ್ತಿದ್ದ, ಗಾರ್ಡು ಬಿಚ್ಚಿದರೆ ಕೇಳುವವರಿದ್ದರು. ಕೈಯಲ್ಲಿ ಹಿಡಿಯುವ ಮಷೀನಿಗೆ ದುಡ್ಡು ಕೊಟ್ಟರೆ ಸಾಕು. ಯಂತ್ರ ಮನೆಗೆ ಬಂತು, ಆದರೆ ಅದರ ಜೊತೆ ಇದ್ದ ಶಿಸ್ತು ಕಾರ್ಖಾನೆಯಲ್ಲೇ ಉಳಿಯಿತು.

ಮಲ್ಟಿ ಟೂಲ್ ಆ ಶಿಸ್ತಿನ ಒಂದು ಭಾಗವನ್ನು ತನ್ನೊಳಗೇ ಇಟ್ಟುಕೊಂಡು ಬಂದಿದೆ. ರೋಗಿಯ ಚರ್ಮಕ್ಕೆ ಗಾಯವಾಗಬಾರದು ಎಂಬ ಒಬ್ಬ ವೈದ್ಯನ ಕಾಳಜಿ, ಅಲಗಿನ ಆ 4 ಮಿಲಿಮೀಟರ್ ಆಟದಲ್ಲಿ ಇವತ್ತಿಗೂ ಇದೆ. ದೂಳಿನ ವಿಷಯದಲ್ಲಿ ಮಾತ್ರ ಮಷೀನು ನಮ್ಮನ್ನು ಕಾಯುವುದಿಲ್ಲ. ಆ ಎಚ್ಚರ ಹಿಡಿದವರ ಕೈಯಲ್ಲೇ ಇರಬೇಕು.